ರಣಹದ್ದಿನ ಮೇಲೆ ಹೊರಿಸಿದ ಆರೋಪ

ಇಂಗ್ಲಿಷಿನಲ್ಲಿ 'ವಲ್ಚರೈನ್' ಎಂಬ ವಿಶೇಷಣವಿದೆ. ರಣಹದ್ದಿಗೆ ಸಂಬಂಧಿಸಿದ್ದು ಎಂಬುದು ಅದರ ನೇರ ಅರ್ಥ. ಇನ್ನೊಬ್ಬರ ಸಾವಿಗೋ ಸೋಲಿಗೋ ಹೊಂಚು ಹಾಕುವ ದುರಾಸೆಯವರಿಗೂ ಅದನ್ನು ಅಂಟಿಸುತ್ತಾರೆ. ಬೆನ್ ಜಾನ್ಸನ್‌ನ 'ವೋಲ್ಪೋನೆ' ನಾಟಕದ ಕುರಿತು ಪ್ರಬಂಧ ಬರೆಯುವಾಗ ನಾನೂ ಈ ಪದವನ್ನು ಧಾರಾಳವಾಗಿ ಬಳಸಿದ್ದೆ. ಕರಡು ಓದಿದ ಗೆಳತಿಯೊಬ್ಬಳು, "ಹದ್ದು ಇದನ್ನೆಲ್ಲ ಮಾಡುತ್ತದೆಯೇ?" ಎಂದು ಅಂಚಿನಲ್ಲಿ ಬರೆದಳು. ಉತ್ತರಕ್ಕಾಗಿ ನಾಟಕಕ್ಕೇ ಮರಳಬೇಕಾಯಿತು.

1606ರ ಸುಮಾರಿಗೆ ರಂಗಕ್ಕೆ ಬಂದ ಈ ನಾಟಕ ನಡೆಯುವುದು ವೆನಿಸ್‌ನಲ್ಲಿ. ವಾರಸುದಾರರಿಲ್ಲದ ಶ್ರೀಮಂತ ವೋಲ್ಪೋನೆ, ಅಂದರೆ ನರಿ, ಸಾಯುತ್ತಿರುವಂತೆ ನಟಿಸುತ್ತಾನೆ. ಅವನ ಆಸ್ತಿಯ ಆಸೆಗೆ ವಕೀಲ ವೋಲ್ತೋರೆ, ಮುದುಕ ಕೋರ್ಬಾಚ್ಚೊ, ವ್ಯಾಪಾರಿ ಕೋರ್ವಿನೊ ಮನೆಗೆ ಎಡತಾಕುತ್ತಾರೆ. ಮೊದಲನೆಯವನು ರಣಹದ್ದು, ಉಳಿದಿಬ್ಬರು ಕಾಗೆಯ ಕುಲದವರು ಎಂದು ಅವರ ಇಟಾಲಿಯನ್ ಹೆಸರುಗಳೇ ಹೇಳಿಬಿಡುತ್ತವೆ. ಸತ್ತಂತೆ ಬಿದ್ದು ಹಕ್ಕಿಗಳನ್ನು ಹಿಡಿಯುವ ನರಿಯ ಹಳೆಯ ಕಥೆ ಇದರ ಹಿಂದಿದೆ. ನಾಟಕದ ನಗುವೆಲ್ಲ ಈ ಹೆಸರುಗಳಿಂದಲೇ ಶುರುವಾಗುತ್ತದೆ.

ಆದರೆ ಹೋಲಿಕೆ ಕಾಯುವುದರ ಆಚೆಗೆ ಹೋಗುವುದಿಲ್ಲ. ರಣಹದ್ದು ಉಡುಗೊರೆ ತರುವುದಿಲ್ಲ. ಇವರು ಬೆಳ್ಳಿ ತಟ್ಟೆ, ಚಿನ್ನದ ನಾಣ್ಯ, ಮುತ್ತು, ವಜ್ರ ತರುತ್ತಾರೆ. ಕೋರ್ಬಾಚ್ಚೊಗೆ ಕಾಯುವ ತಾಳ್ಮೆಯೂ ಇಲ್ಲ, ಔಷಧದ ಹೆಸರಿನಲ್ಲಿ ಅಫೀಮು ತರುತ್ತಾನೆ. ಮಗನನ್ನು ಬಿಟ್ಟು ವೋಲ್ಪೋನೆಯ ಹೆಸರಿಗೆ ಉಯಿಲು ಬರೆಯುತ್ತಾನೆ. ಕೋರ್ವಿನೊ ಹೆಂಡತಿ ಸೀಲಿಯಾಳನ್ನೇ 'ರೋಗಿ'ಯ ಹಾಸಿಗೆಗೆ ಒಪ್ಪಿಸಲು ಹೊರಡುತ್ತಾನೆ. ಅವಳನ್ನು ಕಾಪಾಡಿದವನು ಕೋರ್ಬಾಚ್ಚೊನ ಮಗ ಬೊನಾರಿಯೊ. ಅವರಿಬ್ಬರನ್ನೂ ವ್ಯಭಿಚಾರಿಗಳೆಂದು ನ್ಯಾಯಾಲಯ ನಂಬುವಂತೆ ವೋಲ್ತೋರೆ ವಾದಿಸುತ್ತಾನೆ. ಇದಕ್ಕೆ ಬೇಕಾದದ್ದು ಕೊಕ್ಕಲ್ಲ, ಮಾತು ಮತ್ತು ಕಾನೂನಿನ ಓದು.

ಇಲ್ಲಿ ನನಗೆ ಜಟಾಯು ನೆನಪಾದ. ಅವನೂ ಗೃಧ್ರನೇ, ರಣಹದ್ದೇ. 'ಗೃಧ್ರ' ಪದದ ಮೂಲ ಧಾತುವಿಗೆ ದುರಾಸೆಪಡು ಎಂಬ ಅರ್ಥವಿದೆ. ಅಂದರೆ ಹಕ್ಕಿಯ ಮೇಲೆ ಈ ಆರೋಪ ಹೊರಿಸಿದ್ದು ಇಂಗ್ಲಿಷ್ ಒಂದೇ ಅಲ್ಲ. ಆದರೂ ರಾಮಾಯಣದಲ್ಲಿ ಅದೇ ಹೆಸರಿನ ಹಕ್ಕಿ ಅಪಹೃತಳಾದ ಹೆಣ್ಣಿಗಾಗಿ ಪ್ರಾಣ ಕೊಡುತ್ತದೆ. ವೆನಿಸ್‌ನಲ್ಲಿ ಹದ್ದಿನ ಹೆಸರು ಹೊತ್ತ ಮನುಷ್ಯ ದೌರ್ಜನ್ಯಕ್ಕೆ ಗುರಿಯಾದ ಹೆಣ್ಣಿನ ವಿರುದ್ಧವೇ ನಿಲ್ಲುತ್ತಾನೆ.

ಜಾನ್ಸನ್‌ಗೆ ಈ ವ್ಯತ್ಯಾಸ ಗೊತ್ತಿತ್ತು ಎಂದೇ ನನ್ನ ಓದು. ಕೊನೆಯ ತೀರ್ಪು ನೋಡಿ. ವೋಲ್ತೋರೆ ವಕೀಲಿ ವೃತ್ತಿಯನ್ನೂ ಊರನ್ನೂ ಕಳೆದುಕೊಳ್ಳುತ್ತಾನೆ. ಕೋರ್ಬಾಚ್ಚೊನ ಆಸ್ತಿ ಅವನು ಕೈಬಿಟ್ಟ ಮಗನಿಗೇ ಸೇರುತ್ತದೆ. ಕೋರ್ವಿನೊ ಕತ್ತೆಕಿವಿ ತೊಟ್ಟು ಮೆರವಣಿಗೆ ಹೋಗಬೇಕು. ಸೀಲಿಯಾಳನ್ನು ಮೂರು ಪಟ್ಟು ವರದಕ್ಷಿಣೆಯೊಂದಿಗೆ ತವರಿಗೆ ಕಳಿಸಬೇಕು. ಹೆಸರು ಹಕ್ಕಿಗಳದ್ದಾದರೂ ಶಿಕ್ಷೆ ವಕೀಲನಿಗೆ, ತಂದೆಗೆ, ಗಂಡನಿಗೆ. 'ರಣಹದ್ದಿನಂಥವರು' ಎಂದು ಬೈದು ಮುಗಿಸಿದರೆ ಈ ಮೂರು ಹೊಣೆಗಳು ಕಣ್ಮರೆಯಾಗುತ್ತವೆ. ಕೇಡು ಪ್ರಕೃತಿಯದ್ದಾಗಿ, ಮನುಷ್ಯ ಪಾರಾಗುತ್ತಾನೆ.

ನನ್ನ ಪ್ರಬಂಧದಲ್ಲಿ ಆ ವಿಶೇಷಣ ಈಗ ಒಂದೇ ಕಡೆ ಉಳಿದಿದೆ: ಮೊದಲ ಅಂಕದಲ್ಲಿ, ಮೂವರೂ ಸಾವಿಗಾಗಿ ಕಾಯುವಲ್ಲಿ. ನ್ಯಾಯಾಲಯದ ಭಾಗದಲ್ಲಿ ವೋಲ್ತೋರೆಯನ್ನು ವಕೀಲ ಎಂದಷ್ಟೇ ಕರೆದಿದ್ದೇನೆ.