ಕೆಂಡಲ್‌ ಸೊಪ್ಪಿನ ರುಚಿ: ರಸಿಕರಿಗೊಂದು ಕೈಪಿಡಿ

ಪೈಪ್ ಸೇದುವವರ ಲೋಕದಲ್ಲಿ ಕೆಂಡಲ್ ಊರಿನ ಹೊಗೆಸೊಪ್ಪಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಡಬ್ಬಿ ತೆರೆದ ಹೊಸಬರು ಸೋಪಿನ ವಾಸನೆ ಎಂದು ಮೂಗು ಮುರಿಯುತ್ತಾರೆ, ಹಸಿಹಸಿಯಾಗಿದೆ ಎಂದು ದೂರುತ್ತಾರೆ, ಮುಚ್ಚಳ ಹಾಕಿ ಎತ್ತಿಟ್ಟುಬಿಡುತ್ತಾರೆ. ಆ ಪರಿಮಳದ ಅಡಿಯಲ್ಲಿ ಇರುವ ಸೊಪ್ಪಿನ ಗಟ್ಟಿತನ ತಿಳಿಯಬೇಕಾದರೆ ಒಂದು ಕ್ರಮದಲ್ಲಿ ಹೋಗಬೇಕು.

ಕೆಂಡಲ್ ಇರುವುದು ಇಂಗ್ಲೆಂಡಿನ ವಾಯವ್ಯದಲ್ಲಿ, ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್‌ನ ದಕ್ಷಿಣದ ಅಂಚಿನಲ್ಲಿ. ಗ್ಲಾಸ್ಗೋದಲ್ಲಿ ನಶ್ಯದ ಕಸುಬು ಕಲಿತ ಥಾಮಸ್ ಹ್ಯಾರಿಸನ್ 1792ರಲ್ಲಿ ಅದನ್ನು ಇಲ್ಲಿಗೆ ತಂದ. ಅವನ ಮಗಳ ಕೈಹಿಡಿದ ಸ್ಯಾಮ್ಯುಯೆಲ್ ಗಾವಿತ್‌ನ ಹೆಸರಿನಲ್ಲಿ ಉದ್ಯಮ ಬೆಳೆಯಿತು. 19ನೆಯ ಶತಮಾನದಲ್ಲಿ ಅದು ಕವಲೊಡೆದು ಸ್ಯಾಮ್ಯುಯೆಲ್ ಗಾವಿತ್, ಗಾವಿತ್ ಹೊಗಾರ್ತ್ ಎಂಬ ಎರಡು ಸಂಸ್ಥೆಗಳಾಯಿತು. ಇತ್ತೀಚಿನ ವರ್ಷಗಳಲ್ಲಿ ಎರಡೂ ಮತ್ತೆ ಒಂದೇ ಒಡೆತನಕ್ಕೆ ಬಂದಿವೆ. ಇದು ಮೂಲತಃ ನಶ್ಯದ ಮನೆತನ ಎಂಬುದನ್ನು ಮರೆಯಬಾರದು. ನಶ್ಯಕ್ಕೆ ಹೂವಿನ ತೈಲ ಬೆರೆಸಿ ಪಳಗಿದ ಕೈಯೇ ಪೈಪಿನ ಸೊಪ್ಪಿಗೂ ಪರಿಮಳ ಹಾಕಿತು. ಸೊಪ್ಪಿಗೆ ಸಕ್ಕರೆ, ಪಾಕ ಮೊದಲಾದವನ್ನು ಧಾರಾಳವಾಗಿ ಸೇರಿಸಲು ಬ್ರಿಟನ್ನಿನ ಕಾನೂನು ಬಹುಕಾಲ ಅವಕಾಶ ಕೊಡಲಿಲ್ಲ. ಹಾಗಾಗಿ ಅಮೆರಿಕದ ಸಿಹಿ ಮಿಶ್ರಣಗಳ ದಾರಿ ಇಲ್ಲಿ ತೆರೆಯಲೇ ಇಲ್ಲ; ತೊಟ್ಟು ತೈಲದಲ್ಲೇ ಕೆಲಸ ಸಾಧಿಸಬೇಕಾಯಿತು.

ಕಲಿಕೆ ಪರಿಮಳವಿಲ್ಲದ ಸೊಪ್ಪಿನಿಂದಲೇ ಶುರುವಾಗಬೇಕು. ಸ್ಯಾಮ್ಯುಯೆಲ್ ಗಾವಿತ್‌ನ ಫುಲ್ ವರ್ಜೀನಿಯಾ ಫ್ಲೇಕ್ ಅದಕ್ಕೆ ಹೇಳಿ ಮಾಡಿಸಿದ್ದು. ಹುಣಸೂರು, ಪಿರಿಯಾಪಟ್ಟಣದ ರೈತರು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದ ಮಾಡುವ ವರ್ಜೀನಿಯಾ ಸೊಪ್ಪು ಯಾವ ಜಾತಿಯದೋ ಇದೂ ಅದೇ ಜಾತಿಯದು. ಬ್ಯಾರನ್ನಿನ ಮೊದಲ ದಿನಗಳ ಮೆಲುಬಿಸಿಯಲ್ಲಿ ಎಲೆ ಹಳದಿಗೆ ತಿರುಗುವಾಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖ ಏರಿಸಿ ಒಣಗಿಸಿದರೆ ಆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಕೆಂಡಲ್‌ನಲ್ಲಿ ಇಂಥ ಎಲೆಯನ್ನು ಹಬೆಯಲ್ಲಿ ಮೆತ್ತಗಾಗಿಸಿ, ಒತ್ತಿ ಇಟ್ಟಿಗೆಯಂತೆ ಮಾಡಿ, ಬಿಸಿಯಲ್ಲಿಟ್ಟು, ಬಳಿಕ ತೆಳುವಾದ ಪಟ್ಟಿಗಳಾಗಿ ಕೊಯ್ಯುತ್ತಾರೆ; ಈ ಪಟ್ಟಿಯೇ ಫ್ಲೇಕ್. ಬಿಸಿ ತಗುಲಿದ ಸಕ್ಕರೆ ಕಪ್ಪಾಗಿ ಒಣದ್ರಾಕ್ಷಿಯ ಮಂದ ಸಿಹಿ ಬರುತ್ತದೆ. ನಾಲಿಗೆಗೆ ಈ ತಳದ ರುಚಿ ಗುರುತು ಸಿಕ್ಕಿದ ಮೇಲೆ ಮಾತ್ರ ಮುಂದಿನ ಹೆಜ್ಜೆ.

ಹಚ್ಚುವ ಮೊದಲು ಸೊಪ್ಪನ್ನು ಒಣಗಿಸುವುದು ಕಡ್ಡಾಯ. ಕೆಂಡಲ್‌ನ ಫ್ಲೇಕ್ ಡಬ್ಬಿಯಿಂದ ಬರುವಾಗ ತೇವವಾಗಿರುತ್ತದೆ. ಹಾಗೇ ತುಂಬಿದರೆ ಮತ್ತೆ ಮತ್ತೆ ಆರುತ್ತದೆ, ಸಿಟ್ಟಿನಲ್ಲಿ ಜೋರಾಗಿ ಎಳೆದವರ ನಾಲಿಗೆಯನ್ನು ಹಬೆ ಸುಡುತ್ತದೆ. ಈ ಸೊಪ್ಪಿನ ಬಗೆಗಿನ ಅರ್ಧಕ್ಕರ್ಧ ದೂರು ಹುಟ್ಟುವುದು ಇಲ್ಲೇ. ಪಟ್ಟಿಯನ್ನು ಎರಡು ಅಂಗೈಗಳ ನಡುವೆ ಉಜ್ಜಿ ಎಳೆಎಳೆಯಾಗಿ ಬಿಡಿಸಿ, ಕಾಗದದ ಮೇಲೆ ತೆಳ್ಳಗೆ ಹರಡಿ, ಒಂದೆರಡು ಗಂಟೆ ಬಿಡಬೇಕು. ಚಿಟಿಕೆಯಷ್ಟನ್ನು ಹಿಸುಕಿದರೆ ಮುದ್ದೆಯಾಗಿ ನಿಲ್ಲದೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ಗರಿಗರಿಯಾದರೆ ಹದ ಮೀರಿತೆಂದೇ ಲೆಕ್ಕ. ಪೈಪಿನ ತಳಕ್ಕೆ ಸಡಿಲವಾಗಿ, ಮೇಲೆ ಕೊಂಚ ಬಿಗಿಯಾಗಿ ತುಂಬಿ, ದಮ್ಮು ಬಲು ಮೆಲ್ಲಗೆ ಎಳೆಯಬೇಕು. ಹೊಗೆ ಬಾಯಲ್ಲಿ ಆಡಿ ಹೊರಗೆ ಹೋಗಬೇಕೇ ಹೊರತು ಎದೆಗಿಳಿಯಬಾರದು.

ಎರಡನೆಯ ಮೆಟ್ಟಿಲು 1792 ಫ್ಲೇಕ್. ಬಣ್ಣ ಕಡುಗಂದು, ಸೊಪ್ಪು ಗಡುಸು, ಪರಿಮಳ ಟೊಂಕಾ ಬೀಜದ್ದು. ದಕ್ಷಿಣ ಅಮೆರಿಕದ ಒಂದು ಮರದ ಬೀಜವಿದು. ಇದರಲ್ಲಿರುವ ಕೂಮರಿನ್ ಎಂಬ ವಸ್ತುವೇ ಆಗಷ್ಟೇ ಕೊಯ್ದು ಒಣಗುತ್ತಿರುವ ಹುಲ್ಲಿಗೂ ಘಮ ಕೊಡುವುದು. ಗಡುಸು ಸೊಪ್ಪೂ ಟೊಂಕಾದ ಮೃದುತ್ವವೂ ಒಂದನ್ನೊಂದು ತಡೆದು ನಿಲ್ಲಿಸುವ ಬಗೆಯನ್ನು ಗಮನಿಸುವುದೇ ಇಲ್ಲಿನ ಪಾಠ. ಕೆಂಡಲ್‌ನವರ ಜಾಣ್ಮೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮೂರನೆಯದು ಗಾವಿತ್ ಹೊಗಾರ್ತ್‌ನ ಎನ್ನರ್‌ಡೇಲ್ ಫ್ಲೇಕ್. ಹೆಸರು ಅಲ್ಲಿನ ಒಂದು ಕಣಿವೆಯದು. ಗ್ರಾಸ್‌ಮಿಯರ್, ಕಾನಿಸ್ಟನ್ ಎಂಬ ಹೆಸರಿನ ಮಿಶ್ರಣಗಳೂ ಇವೆ. ಸೋಪು ಎಂಬ ದೂರು ಹೆಚ್ಚಾಗಿ ಬರುವುದು ಎನ್ನರ್‌ಡೇಲ್ ಮೇಲೆಯೇ. ಜೆರೇನಿಯಂ ಹೂವು, ಬಾದಾಮಿ, ಟೊಂಕಾ ಎಲ್ಲ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಮೊದಲ ಕಾಲುಭಾಗ ಸೇದುವಷ್ಟರಲ್ಲಿ ತೈಲದ ಅಬ್ಬರ ಇಳಿಯುತ್ತದೆ; ಆಗ ಸೊಪ್ಪು ಮಾತಾಡತೊಡಗುತ್ತದೆ. ಅಲ್ಲಿಯವರೆಗೆ ಕಾಯದೆ ತೀರ್ಪು ಕೊಡುವುದು ನ್ಯಾಯವಲ್ಲ. ಈ ಪರಿಮಳ ಬ್ರಯರ್ ಮರದ ಪೈಪಿಗೆ ಹತ್ತಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಆದ್ದರಿಂದ ಇಂಥ ಸೊಪ್ಪಿಗೇ ಒಂದು ಪೈಪನ್ನು ಮೀಸಲಿಡುವುದು ವಾಡಿಕೆ. ಅಗ್ಗದ ಜೋಳದ ದಿಂಡಿನ ಪೈಪ್ ಸಾಕು. ಮುಸುಕಿನ ಜೋಳದ ಕಾಳು ಬಿಡಿಸಿ ಉಳಿದ ದಿಂಡನ್ನು ಕೊರೆದು ಮಾಡುವ ಈ ಪೈಪುಗಳನ್ನು ಅಮೆರಿಕದ ಮಿಸೌರಿಯಲ್ಲಿ 1869ರಿಂದ ತಯಾರಿಸುತ್ತಿದ್ದಾರೆ.

ಕೊನೆಯದು, ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟದ್ದು, ಹಗ್ಗದ ಸೊಪ್ಪು. ಕಡು ಎಲೆಗಳನ್ನು ಯಂತ್ರಕ್ಕೆ ಕೈಯಾರೆ ಉಣಿಸುತ್ತಾ ಹೊಸೆದು, ಹೊರಗೊಂದು ಎಲೆ ಸುತ್ತಿ, ಉದ್ದನೆಯ ಹಗ್ಗ ಮಾಡುತ್ತಾರೆ. ಹಾಗೇ ಬಿಟ್ಟರೆ ಬ್ರೌನ್, ಬಿಸಿಯಲ್ಲಿ ಬೇಯಿಸಿದರೆ ಬ್ಲ್ಯಾಕ್. ಬ್ರೌನ್ ನಂ. 4, ಬ್ಲ್ಯಾಕ್ ಎಕ್ಸ್ಎಕ್ಸ್ ಇವುಗಳಲ್ಲಿ ಹೆಸರಾದವು. ಇದನ್ನು ಹಿಂದೆ ಉಳಿಸಿಕೊಂಡು ಬಂದವರು ದುಡಿಯುವ ಜನ: ನಾವಿಕರು, ಮೀನುಗಾರರು, ಬೆಂಕಿ ಹಚ್ಚುವಂತಿಲ್ಲದ ಗಣಿಯೊಳಗೆ ತುಂಡನ್ನು ಬಾಯಲ್ಲಿಟ್ಟು ಅಗಿಯುತ್ತಿದ್ದ ಕಾರ್ಮಿಕರು. ಈಗಿನ ಅಭಿಮಾನಿಗಳಲ್ಲಿ ಅಮೆರಿಕದವರೂ ಬಹಳ ಮಂದಿ ಇದ್ದಾರೆ. ಹರಿತವಾದ ಚಾಕುವಿನಿಂದ ಹಗ್ಗವನ್ನು ಒಂದು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ದು, ಉಜ್ಜಿ, ಫ್ಲೇಕ್‌ಗಿಂತಲೂ ಹೆಚ್ಚು ಹೊತ್ತು ಆರಲು ಬಿಡಬೇಕು. ಸುಟ್ಟ ಸೌದೆ, ಚರ್ಮ, ಕಾಳುಮೆಣಸು ನೆನಪಿಗೆ ಬರುವ ರುಚಿ ಇದರದು.

ಇಲ್ಲಿ ಎಚ್ಚರ ಬೇಕು. ಇಂಥ ಕಡು ಸೊಪ್ಪಿನ ಹೊಗೆ ಕ್ಷಾರಗುಣದ್ದಾದ್ದರಿಂದ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಬಿಕ್ಕಳಿಕೆ, ತಣ್ಣನೆಯ ಬೆವರು, ತಲೆಸುತ್ತು ಕಂಡರೆ ಪೈಪ್ ಕೆಳಗಿಡಬೇಕು. ಖಾಲಿ ಹೊಟ್ಟೆಯಲ್ಲಿ ಮುಟ್ಟಲೇಬಾರದು. ಹೊಗೆಯನ್ನು ಎದೆಗಿಳಿಸದವರಿಗೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪಿದ್ದಲ್ಲ. ಸೇದದವರು ಇದಕ್ಕಾಗಿ ಸೇದಲು ಕಲಿಯಬೇಕಿಲ್ಲ. ಹಗ್ಗದ ತುಂಡನ್ನೋ ಬಿಡಿಸಿದ ಫ್ಲೇಕನ್ನೋ ಮೂಗಿಗೆ ಹಿಡಿದು ಎಲೆ ಯಾವುದು, ತೈಲ ಯಾವುದು ಎಂದು ಬೇರ್ಪಡಿಸುವುದೂ ರಸಿಕತೆಯೇ.

ಉಳಿದ ಸೊಪ್ಪನ್ನು ಗಾಳಿಯಾಡದ ಗಾಜಿನ ಭರಣಿಯಲ್ಲಿ, ಬಿಸಿಲು ತಾಗದ ಕಡೆ ಇಡಬೇಕು. ವರ್ಜೀನಿಯಾ ಫ್ಲೇಕ್ ವರ್ಷಗಳಲ್ಲಿ ಇನ್ನಷ್ಟು ಮಾಗುತ್ತದೆ. ಪರಿಮಳದ ಸೊಪ್ಪನ್ನು ಅದರ ಜೊತೆ ಒಂದೇ ಭರಣಿಗೆ ಹಾಕಿದರೆ ಎರಡೂ ಕೆಡುತ್ತವೆ.