ಕೈಪಿಡಿಗಳ ಮುಕ್ತ ಪರವಾನಗಿ: 2008ರ ಪರಿಷ್ಕರಣವನ್ನು ಕುರಿತು

ತಂತ್ರಾಂಶದ ಕೈಪಿಡಿಗಳನ್ನು ಹಲವರು ಕೂಡಿ ಬರೆಯುವುದಕ್ಕೂ ತಿದ್ದುವುದಕ್ಕೂ ಹಂಚುವುದಕ್ಕೂ ಅನುವಾಗಲೆಂದು ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಂಸ್ಥೆಯು 2000ದ ಮಾರ್ಚ್ ತಿಂಗಳಿನಲ್ಲಿ ‘ಗ್ನೂ ಮುಕ್ತ ದಸ್ತಾವೇಜು ಪರವಾನಗಿ’ಯನ್ನು ಹೊರಡಿಸಿತು. 2002ರಲ್ಲಿ ಒಮ್ಮೆ, 2008ರ ನವೆಂಬರ್ 3ರಂದು ಮತ್ತೊಮ್ಮೆ ಅದು ಪರಿಷ್ಕೃತವಾಯಿತು. ಎರಡನೆಯ ಪರಿಷ್ಕರಣವು ಯಾರ ತೊಡಕನ್ನು ಬಿಡಿಸಿತು, ಯಾರ ತೊಡಕನ್ನು ಹಾಗೆಯೇ ಉಳಿಸಿತು ಎಂಬುದೇ ಇಲ್ಲಿ ನಾವು ಪರಿಶೀಲಿಸಹೊರಟಿರುವ ವಿಷಯ.

ಮೂಲ ಪಾಠದ ದೋಷಗಳು ಮೊದಲಿನಿಂದಲೂ ವಿದಿತವಾಗಿದ್ದವು. ಕೆಲವು ಭಾಗಗಳನ್ನು ಯಾರೂ ತಿದ್ದಕೂಡದೆಂದು ಗ್ರಂಥಕರ್ತನು ವಿಧಿಸಬಹುದು. ‘ಈಮ್ಯಾಕ್ಸ್’ ಕೈಪಿಡಿಯಲ್ಲಿ ಗ್ನೂ ಪ್ರಣಾಳಿಕೆಯು ಅಂಥ ಭಾಗ. ಡೆಬಿಯನ್ ಸಂಘವು 2006ರಲ್ಲಿ ಮತ ತೆಗೆದುಕೊಂಡು, ತಿದ್ದಲಾಗದ ಭಾಗಗಳಿಲ್ಲದ ಕೃತಿಗಳು ಮಾತ್ರ ಮುಕ್ತವೆಂದು ತೀರ್ಮಾನಿಸಿತು. ಒಂದು ಪುಟದ ಉದ್ಧೃತಿಗೂ ಹಲವು ಪುಟಗಳ ಪರವಾನಗಿಯನ್ನು ಲಗತ್ತಿಸಬೇಕೆಂಬ ನಿಯಮ ಬೇರೆ. ಇವೆಲ್ಲಕ್ಕಿಂತ ಗುರುತರವಾದ ದೋಷವೆಂದರೆ, ಈ ಪರವಾನಗಿಗೂ ಪ್ರೋಗ್ರಾಮುಗಳಿಗೆ ಅದೇ ಸಂಸ್ಥೆ ರಚಿಸಿದ ಜಿಪಿಎಲ್ ಪರವಾನಗಿಗೂ ಹೊಂದಿಕೆಯಿಲ್ಲದಿರುವುದು. ಪ್ರೋಗ್ರಾಮಿನೊಳಗಿನ ವಿವರಣೆಯನ್ನು ಕೈಪಿಡಿಗಾಗಲಿ, ಕೈಪಿಡಿಯ ಉದಾಹರಣೆಯನ್ನು ಪ್ರೋಗ್ರಾಮಿಗಾಗಲಿ ಕೃತಿಸ್ವಾಮ್ಯವುಳ್ಳವನು ಸಾಗಿಸಬಲ್ಲನು, ಉಳಿದವರು ಸಾಗಿಸಲಾರರು. ಉದಾಹರಣೆಗಳನ್ನು ಬೇರೆ ಪರವಾನಗಿಯಲ್ಲಿಯೂ ಕೊಡಿರೆಂದು ಪರವಾನಗಿಯ ಅನುಬಂಧವೇ ಸಲಹೆ ಮಾಡುತ್ತದೆ. ರೋಗವನ್ನು ಬಲ್ಲ ವೈದ್ಯನು ಮದ್ದನ್ನು ನೆರೆಮನೆಯಿಂದ ತರಹೇಳಿದಂತಾಯಿತು.

ಹೀಗಿರಲು 2008ರ ಪರಿಷ್ಕರಣವು ಮುಖ್ಯವಾಗಿ ಪರಿಹರಿಸಿದ್ದು ವಿಕಿಪೀಡಿಯ ಎಂಬ ವಿಶ್ವಕೋಶದ ಕಷ್ಟವನ್ನು. ಆ ಕೋಶದ ಲೇಖನಗಳೂ, 2003ರಲ್ಲಿ ಮೊದಲಾದ ಅದರ ಕನ್ನಡ ಶಾಖೆಯ ಲೇಖನಗಳೂ ಕೈಪಿಡಿಗಳಿಗಾಗಿ ಹುಟ್ಟಿದ ಪರವಾನಗಿಗೇ ಒಳಪಟ್ಟಿದ್ದವು. ಹೊಸ ಪಾಠದ ಹನ್ನೊಂದನೆಯ ವಿಧಿಯು ಇಂಥ ಬಹುಕರ್ತೃಕ ತಾಣಗಳು 2009ರ ಆಗಸ್ಟ್ 1ರೊಳಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಸಾಗಲು ಎಡೆಮಾಡಿತು. ಬೇರೆಡೆ ಮೊದಲು ಪ್ರಕಟವಾದ ಬರೆಹವಾದರೆ ಅದು 2008ರ ನವೆಂಬರ್ 1ಕ್ಕೆ ಮುಂಚೆಯೇ ತಾಣಕ್ಕೆ ಸೇರಿರಬೇಕು. ಈ ಗಡುವು ಪರಿಷ್ಕೃತ ಪಾಠ ಪ್ರಕಟವಾಗುವುದಕ್ಕೆ ಎರಡು ದಿನ ಹಿಂದಿನದೆಂಬುದನ್ನು ವಾಚಕರು ಗಮನಿಸಬೇಕು: ವಿಧಿಯನ್ನು ಓದಿ, ಅನ್ಯರ ಕೈಪಿಡಿಯನ್ನು ತಂದು ಸುರಿದು ಪರವಾನಗಿ ಬದಲಿಸುವ ಉಪಾಯಕ್ಕೆ ಅವಕಾಶವೇ ಇಲ್ಲ. ಈ ಜಾಣ್ಮೆ ನಿಜವಾಗಿಯೂ ಶ್ಲಾಘ್ಯ.

ಆದರೆ ಅಧಿಕಾರ ಎಲ್ಲಿಂದ ಬಂದಿತು? ‘ಈ ಆವೃತ್ತಿ ಅಥವಾ ಮುಂದಿನ ಯಾವುದೇ ಆವೃತ್ತಿ’ ಎಂಬ ಒಕ್ಕಣೆಯಿಂದ. ನಮ್ಮ ದಾನಶಾಸನಗಳು ದತ್ತಿಯು ಆಚಂದ್ರಾರ್ಕವಾಗಿ ನಡೆಯಲೆಂದು ವಿಧಿಸಿ, ಅಳುಪಿದವನಿಗೆ ಶಾಪವನ್ನು ನುಡಿಯುತ್ತವೆ. ಮುಂದಣವರು ಷರತ್ತನ್ನು ಬದಲಿಸಲೆಂದು ಮುಂಗಡವಾಗಿ ಒಪ್ಪುವುದಿಲ್ಲ. ಇಲ್ಲಿ ಲೇಖಕರು ಒಪ್ಪಿದ್ದರು. ಆದರೆ ಒಪ್ಪಿದ್ದುದು ಮುಂದಿನ ಆವೃತ್ತಿಗಳು ಮೂಲದ ಆಶಯವನ್ನೇ ಹೋಲುತ್ತ ವಿವರಗಳಲ್ಲಿ ಮಾತ್ರ ಭಿನ್ನವಾಗಬಹುದೆಂಬ ಮಾತಿಗೆ. ಬೇರೊಂದು ಸಂಸ್ಥೆಯ ಪರವಾನಗಿಗೆ ದಾಟಿಸುವುದು ಕೇವಲ ವಿವರವೆನ್ನಲು ನಮಗೆ ಧೈರ್ಯ ಸಾಲದು. 2009ರ ಮತದಾನದಲ್ಲಿ 17,000ಕ್ಕೂ ಮಿಕ್ಕಿದ ಮತಗಳು ಬಿದ್ದು ಮುಕ್ಕಾಲು ಪಾಲು ಅನುಕೂಲವಾದವೆಂಬುದು ನಿಜ. ಬರೆದು ಬಿಟ್ಟುಹೋದವರ ಮತ ಅದರಲ್ಲಿಲ್ಲ. ಆದರೂ ಪ್ರತಿಯೊಬ್ಬ ಲೇಖಕನನ್ನೂ ಹುಡುಕಿ ಕೇಳುವುದು ಅಸಾಧ್ಯವಾಗಿತ್ತು; ಹಂಚಿಕೆಯ ಮೂಲ ಷರತ್ತು ಹೊಸ ಪರವಾನಗಿಯಲ್ಲಿಯೂ ಉಳಿಯಿತು. ಆದ್ದರಿಂದ ಆ ಕಾರ್ಯವನ್ನು ನಾವು ಒಪ್ಪುತ್ತೇವೆ, ಸಂಕೋಚದಿಂದಲೇ.

ಅದೇ ಪಾಠವು ಮುಂದಿನ ಆವೃತ್ತಿಗಳನ್ನು ಒಪ್ಪಲು ಲೇಖಕರು ಪ್ರತಿನಿಧಿಯೊಬ್ಬನನ್ನು ಹೆಸರಿಸಬಹುದೆಂದೂ ಹೇಳಿದೆ. ಚರ್ಚೆಗೆ ಅಷ್ಟಾಗಿ ಬಾರದ ಈ ವಿಧಿಯೇ ನಮಗೆ ಹೆಚ್ಚು ನ್ಯಾಯವಾಗಿ ತೋರುತ್ತದೆ.

ಕೈಪಿಡಿ ಬರೆಯುವವರಿಗೆ ಮಾತ್ರ ಮೂಲ ಕಷ್ಟ ಉಳಿಯಿತು. ಕ್ರಿಯೇಟಿವ್ ಕಾಮನ್ಸಿನವರು ತಮ್ಮ ಸಮಾನ ಹಂಚಿಕೆ ಪರವಾನಗಿಯ 4.0 ಆವೃತ್ತಿಯಿಂದ ಜಿಪಿಎಲ್ ಮೂರನೆಯ ಆವೃತ್ತಿಯತ್ತ 2015ರಲ್ಲಿ ಒಮ್ಮುಖದ ದಾರಿಯೊಂದನ್ನು ತೆರೆದರು. ಕೈಪಿಡಿಗಳ ಹೆಸರಿನಲ್ಲೇ ಹುಟ್ಟಿದ ಪರವಾನಗಿಯ 2008ರ ಪಾಠದಲ್ಲಿ ಅಂಥ ದಾರಿಯಿಲ್ಲ.