ಕಾಮದೇವನೊಡನೆ ನಡೆಯದ ಕಾಳಗ

ಮೂಡುಬಿದಿರೆಯ ರತ್ನಾಕರವರ್ಣಿ 1557ರ ಸುಮಾರಿಗೆ ಬರೆದ ‘ಭರತೇಶ ವೈಭವ’ವನ್ನು ಶೃಂಗಾರಕ್ಕಾಗಿಯೇ ಮೆಚ್ಚುವವರಿದ್ದಾರೆ, ಅದಕ್ಕಾಗಿಯೇ ಮೂಗು ಮುರಿಯುವವರೂ ಇದ್ದಾರೆ. 96,000 ರಾಣಿಯರ ಅರಸ ಭರತನ ಕಥೆಗೆ 80 ಸಂಧಿ, ಸುಮಾರು 10,000 ಸಾಂಗತ್ಯ ಪದ್ಯ. ಈ ವಾರ ನಾನು ಹೇಳಹೊರಟಿರುವುದು ಅದರ ಸರಸವನ್ನಲ್ಲ, ಅಲ್ಲಿ ನಡೆಯದೇ ಹೋದ ಒಂದು ಯುದ್ಧವನ್ನು.

ಪಂಪನ ‘ಆದಿಪುರಾಣ’ದಲ್ಲಿ (941) ಅಣ್ಣತಮ್ಮಂದಿರಾದ ಭರತ–ಬಾಹುಬಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡುತ್ತಾರೆ. ಮೂರರಲ್ಲೂ ಗೆದ್ದ ಬಾಹುಬಲಿ, ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸುತ್ತಾನೆ. ಅವಮಾನದಿಂದ ಕುದಿದ ಭರತ ತಮ್ಮನ ಮೇಲೆ ಚಕ್ರವನ್ನೇ ಬಿಡುತ್ತಾನೆ. ಒಡಹುಟ್ಟಿದವರ ನಡುವಿನ ಹಿಂಸೆಯನ್ನು ಇಷ್ಟು ಹತ್ತಿರದಿಂದ ಕಂಡ ಕವಿಗಳು ನಮ್ಮಲ್ಲಿ ಕಡಿಮೆ. ಇಂಥ ಪ್ರಸಂಗವನ್ನೇ ರತ್ನಾಕರ ಬಿಟ್ಟುಕೊಟ್ಟ. ಅವನ ಭರತ ಕೈ ಎತ್ತುವುದಿಲ್ಲ. ತಮ್ಮನೆದುರು ನಿಂತು ಸೋಲು ತನ್ನದೇ ಎಂದು ಮೃದುವಾಗಿ ಮಾತಾಡುತ್ತಾನೆ. ಬಾಹುಬಲಿ ಅಣ್ಣನಿಗೆ ಮಣಿಯೆನೆಂಬ ತನ್ನ ಹಟಕ್ಕೆ ತಾನೇ ನಾಚಿ ತಪಸ್ಸಿಗೆ ಹೊರಡುತ್ತಾನೆ.

ಇದನ್ನು ಕವಿಯ ಅಳುಕು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಜೈನ ಪರಂಪರೆಯಲ್ಲಿ ಬಾಹುಬಲಿ ಮೊದಲ ಕಾಮದೇವ. ಕಾವ್ಯದ ‘ಭೋಗವಿಜಯ’ ಭಾಗದುದ್ದಕ್ಕೂ ರಾಣಿಯರ ಮುನಿಸು, ನಾಚಿಕೆ, ಬಿಂಕಗಳನ್ನು ಮಾತಿನಿಂದಲೇ ತಿಳಿಗೊಳಿಸಿದ ಭರತನಿಗೆ ಕಾಮದೇವನೇ ಎದುರಾದಾಗ ಬೇರೆ ಆಯುಧ ಯಾಕೆ ಬೇಕು? ಅಂತಃಪುರದಲ್ಲಿ ಕಲಿತದ್ದು ರಣರಂಗದಲ್ಲಿ ಕೈಹಿಡಿಯಿತು.

ಇಂಗ್ಲೆಂಡಿನ ಟೆನಿಸನ್ 1859ರಿಂದ 1885ರವರೆಗೆ ಕಂತುಕಂತಾಗಿ ಹೊರತಂದ ಆರ್ಥರ್ ಕಥನಗಳನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಅರಸ ಆರ್ಥರನ ರಾಣಿ ಗ್ವಿನೆವಿಯರ್ ಮತ್ತು ಅವನ ವೀರ ಲ್ಯಾನ್ಸ್‌ಲಾಟ್‌ರ ಒಲವು ಆಸ್ಥಾನವನ್ನೇ ಒಳಗಿನಿಂದ ಸೀಳುತ್ತದೆ. ಕೊನೆಯ ಕಾಳಗದಲ್ಲಿ ಮಂಜು ಎಷ್ಟು ದಟ್ಟವೆಂದರೆ ಗೆಳೆಯ ಯಾರು, ಹಗೆ ಯಾರು ತಿಳಿಯದು. ಆರ್ಥರ್ ತನ್ನ ಮೇಲೆ ತಿರುಗಿಬಿದ್ದ ಮೋಡ್ರೆಡ್‌ನನ್ನು ಕೊಂದು ತಾನೂ ಮಾರಣಾಂತಿಕವಾಗಿ ಗಾಯಗೊಳ್ಳುತ್ತಾನೆ. ನಮ್ಮ ತುಳುನಾಡಿನ ಜನಪದ ಕಥನಗೀತೆಗಳಾದ ಪಾಡ್ದನಗಳೂ ರಕ್ತಕ್ಕೆ ಹಿಂಜರಿದವಲ್ಲ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಕನ್ನಡಕ್ಕೆ ತಂದ ಅವಳಿ ವೀರರಾದ ಕೋಟಿ–ಚೆನ್ನಯರ ಕಥೆ ಮುಗಿಯುವುದು ಎಣ್ಮೂರಿನ ಕಾಳಗದಲ್ಲೇ. ಇಂಥ ನೆಲದಲ್ಲಿ ಕೂತು ರತ್ನಾಕರ ಯುದ್ಧವನ್ನು ಕೈಬಿಟ್ಟ ಎಂಬುದು ನನಗೆ ದೊಡ್ಡ ಸಾಹಸವಾಗಿ ಕಾಣುತ್ತದೆ.

ಹಾಗೆಂದು ನಷ್ಟವೇನೂ ಆಗಲಿಲ್ಲವೆನ್ನಲಾರೆ. ಪಂಪನ ಬಾಹುಬಲಿಯಂತೆ ಗೆದ್ದು ತೊರೆದವನ ವೈರಾಗ್ಯಕ್ಕಿರುವ ತೂಕ, ಹಟ ಬಿಟ್ಟು ತೊರೆದವನ ವೈರಾಗ್ಯಕ್ಕೆ ಬಾರದು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟನ ಮುಂದೆ ನಿಂತಾಗ ನನಗೆ ನೆನಪಾಗುವವನು ಪಂಪನೇ. ಆದರೆ ಭರತನ ಮನಸ್ಸನ್ನು ಅರಿಯಬೇಕಾದರೆ ರತ್ನಾಕರನಲ್ಲಿಗೇ ಹೋಗಬೇಕು. ‘ಭೋಗವಿಜಯ’ವನ್ನು ಹಾರಿಸದೆ, ಸಾಂಗತ್ಯದ ಧಾಟಿಯಲ್ಲಿ ಗಟ್ಟಿಯಾಗಿ ಓದಿಕೊಂಡೇ ಆ ಅಣ್ಣತಮ್ಮಂದಿರ ಭೇಟಿಗೆ ಬನ್ನಿ.